ಕಳ್ಳಿಬೇಲಿ ದಾಟಿದ ಗಾಡಿ

ನಾನು ಒಂದು ಕೈಗಾಡಿ. ಹುಟ್ಟಿದ್ದು ಗದಗದ ಬಡಗಿಯೊಬ್ಬನ ಅಂಗಳದಲ್ಲಿ, ಗಟ್ಟಿ ಜಾಲಿ ಮರದಿಂದ. ಪ್ರಾಯದಲ್ಲಿ ಪೇಟೆಯ ದಲಾಲಿಯೊಬ್ಬನ ಅರಳೆ ಮೂಟೆ ಹೊತ್ತೆ. ಅವನು ಲಾರಿ ಕೊಂಡದ್ದೇ ತಡ, ನನ್ನನ್ನು ಗೋಡೆಗೆ ಒರಗಿಸಿ ಮರೆತುಬಿಟ್ಟ. ಆಗ ಬೆಟಗೇರಿ ಕಡೆಯ ನೇಕಾರರ ಓಣಿಯೊಂದರ ಕ್ರೈಸ್ತ ಸಭೆಯವರು ನನ್ನನ್ನು ತಂದು, ಕಪ್ಪು ಬಣ್ಣ ಬಳಿದು, ಎರಡೂ ಪಕ್ಕಕ್ಕೆ ಬಿಳಿ ಶಿಲುಬೆ ಬರೆದರು. ಅಂದಿನಿಂದ ನಾನು ಶವದ ಗಾಡಿ. ಅರಳೆಗಿಂತ ಮನುಷ್ಯರು ಹಗುರ ಎಂದು ನನಗೆ ಗೊತ್ತಾದದ್ದು ಆಗಲೇ.

ವರ್ಷಕ್ಕೊಮ್ಮೆ ನನಗೂ ಹಬ್ಬ. ಕ್ರಿಸ್ತ ಸತ್ತವರೊಳಗಿಂದ ಎದ್ದ ಈಸ್ಟರ್ ದಿನ ಬೆಳಕು ಹರಿಯುವ ಹೊತ್ತಿಗೆ ಸಭೆಯವರೆಲ್ಲ ಹಾಡುತ್ತ ಸಮಾಧಿಗಳ ಬಳಿಗೆ ಹೋಗುತ್ತಾರೆ. ಗೋರಿಗಳಿಗೆ ಇಡುವ ಮಲ್ಲಿಗೆ, ಕಣಗಿಲೆಯನ್ನೆಲ್ಲ ನನ್ನ ಮೇಲೆ ಹೇರುತ್ತಾರೆ. ಆ ದಿನ ನನ್ನ ಜಂಬ ಕೇಳಬೇಡಿ.

ನನ್ನ ಕೊಟ್ಟಿಗೆಯ ಬೀಗದ ಕೈ ಇದ್ದದ್ದು ಸಭೆಯ ಹಿರಿಯ ಪೌಲಪ್ಪನವರ ಸೊಂಟದಲ್ಲಿ. ಪಾದ್ರಿಗಳಿಗೆ ಹತ್ತಾರು ಊರು. ಇಲ್ಲಿ ಇವರ ಮಾತೇ ಕೊನೆ. ದೀಕ್ಷಾಸ್ನಾನ ಆಗದವರಿಗೆ, ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುವಿನ ಭೋಜನ ತೊರೆದವರಿಗೆ ಗಾಡಿ ಇಲ್ಲ. ಅವರಿಗೆ ನರಕವೇ ಗತಿ ಎನ್ನುತ್ತಿದ್ದರು. ಅಂಥವರನ್ನು ಹೆಗಲ ಮೇಲೆ ಒಯ್ದು, ಸಮಾಧಿ ಜಾಗದ ಕಳ್ಳಿಬೇಲಿಯ ಸಂದಿಯಿಂದ ನುಸುಳಿ, ಆಚೆ ಬದಿಯಲ್ಲಿ ಹೂಳಬೇಕು.

ನೇಕಾರ ಸಿಮೆಯೋನ ಮತ್ತು ಅವನ ಹೆಂಡತಿ ರಾಹೇಲವ್ವನ ಹಸುಗೂಸು ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡಿತು. ಪೌಲಪ್ಪನವರು ಬೀಗ ತೆಗೆಯಲಿಲ್ಲ. ಸಿಮೆಯೋನ ಕೂಸನ್ನು ಎದೆಗೊತ್ತಿಕೊಂಡು ನನ್ನ ಬಾಗಿಲ ಮುಂದೆ ಹಾದುಹೋದ. ಮುಚ್ಚಿದ ಬಾಗಿಲ ಹಿಂದೆ ನಿಂತು ಅವನ ಅಳು ಕೇಳಿದೆ. ಗಾಡಿಯಾಗಿ ಹುಟ್ಟಿದ್ದಕ್ಕೆ ನಾಚಿಕೆಯಾದದ್ದು ಅದೊಂದೇ ದಿನ. ಆಮೇಲೆ ಅವನು ಸಭೆಯ ಗುಡಿಯ ಮೆಟ್ಟಿಲು ಹತ್ತಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಸಿಮೆಯೋನ ಹಾಸಿಗೆ ಹಿಡಿದ. ಪೌಲಪ್ಪನವರೇ ಪ್ರಭುವಿನ ಭೋಜನದ ರೊಟ್ಟಿ, ಪಾತ್ರೆ ಒಯ್ದರಂತೆ. ಅವನು ಗೋಡೆಯ ಕಡೆ ಮುಖ ತಿರುಗಿಸಿ, "ನನ್ನ ಕೂಸಿಗೆ ತೆರೀಲಾರದ ಬಾಗಲಾ ನನಗೂ ಬ್ಯಾಡ್ರಿ" ಎಂದನಂತೆ. ಈಸ್ಟರಿನ ಹಿಂದಿನ ಸಂಜೆ ಪ್ರಾಣ ಬಿಟ್ಟ. ಗಾಡಿ ಕೇಳಲು ಬಂದ ರಾಹೇಲವ್ವನಿಗೆ ಪೌಲಪ್ಪನವರು ಇಲ್ಲವೆಂದರು.

ಮರುದಿನ ನಸುಕಿನಲ್ಲಿ ಹೂ ಹೇರಿಕೊಂಡು ಹೊರಟೆ. ಪೌಲಪ್ಪನವರು ಮುಂದೆ ನನ್ನ ಮೂಕಿ ಹಿಡಿದಿದ್ದರು. ರಾಹೇಲವ್ವ ಮನೆಯೆದುರು ದಾರಿಗೆ ಅಡ್ಡ ನಿಂತಿದ್ದಳು.

"ಹಿರ್ಯಾರ, ಗಾಡಿ ಕೊಡ್ರಿ. ನನ್ನ ಗಂಡನ್ನ ನಾಯಿ ಎಳದಂಗ ಒಯ್ಯೂದಿಲ್ಲ ನಾ."

"ರಾಹೇಲವ್ವ, ದೇವರ ನ್ಯಾಯ ನನ್ನ ಕೈಯಾಗಿಲ್ಲ. ನನ್ನ ತಂಗೀನ್ನ ಹೊಡದ ಕೊಂದಾವ ಇಲ್ಲೇ ಆರಾಮಾಗಿ ತಿರಗ್ಯಾಡಿ ಸತ್ತ. ಯಾವ ಕೋರ್ಟೂ ಅವನ್ನ ಕೇಳಲಿಲ್ಲ. ನರಕ ಇಲ್ಲಂದ್ರ ಆಕಿಗಿ ನ್ಯಾಯ ಎಲ್ಲೈತಿ ಹೇಳು."

ಈ ಮನುಷ್ಯನ ಬಿಗುವಿನೊಳಗೆ ಇಂಥ ಗಾಯವಿದೆಯೆಂದು ನನಗೂ ಗೊತ್ತಿರಲಿಲ್ಲ.

ರಾಹೇಲವ್ವ ದನಿ ತಗ್ಗಿಸಿದಳು. "ನ್ಯಾಯ ಬ್ಯಾಡಂತ ನಾ ಅನ್ನೂದಿಲ್ರಿ. ನಿಮ್ಮ ತಂಗಿ ಕಣ್ಣೀರ ದೇವರು ಮರ್ಯಾಂಗಿಲ್ಲ. ಖರೇ, ತೀರ್ಪು ಆತನ ಕೈಯಾಗೈತಿ. ನಿಮ್ಮ ಕೈಯಾಗಿರೂದು ಬರೇ ಗಾಡಿ."

ಅವಳು ನನ್ನ ಮೂಕಿಯ ಮೇಲೆ ಕೈಯಿಟ್ಟು ಮಾತು ಮುಂದುವರಿಸಿದಳು.

"ಪ್ರತಿ ಐತವಾರ ನಮ್ಮ ಕಡಿಂದ ನಂಬಿಕಿ ಮಾತ ಹೇಳಸ್ತೀರಿ. ಕ್ರಿಸ್ತ ಸತ್ತು, ಹೂಳಿಸಿಕೊಂಡು, ಪಾತಾಳಕ್ಕ ಇಳದಾ ಅಂತ. ಅಲ್ಲಿ ಆತಗ ಏನ ಕೆಲಸ ಇತ್ರಿ? ಒಳಗಿದ್ದವರನ್ನ ಕರಕೊಂಡ ಬರಾಕ ಅಲ್ಲೇನು?"

ಹೆಂಗಸರು ಮುಂದೆ ಬಂದು ಹೂವಿನ ಬುಟ್ಟಿಗಳನ್ನು ಇಳಿಸತೊಡಗಿದಾಗ ಪೌಲಪ್ಪನವರು ಕೈ ಅಡ್ಡ ಹಿಡಿದರು.

"ಹೂ ಇಳಸಬ್ಯಾಡ್ರಿ. ಹಾಸ್ರಿ. ಅದರ ಮ್ಯಾಲ ಮಲಗಸ್ರಿ ಅವನ್ನ."

ಊರ ಯಜಮಾನರಿಗೂ ಸಿಗದ ಹಾಸಿಗೆ ಸಿಮೆಯೋನನಿಗೆ ಸಿಕ್ಕಿತು. ಜನ ಹಾಡುತ್ತಿದ್ದರು, ನಾನೂ ಕಿರ್ರೆನ್ನುತ್ತಿದ್ದೆ. ಸಮಾಧಿ ಜಾಗ ಮುಟ್ಟಿದಾಗ ರಾಹೇಲವ್ವ, "ಕೂಸಿನ ಮಗ್ಗಲಾಗ" ಎಂದಳು. ಅಲ್ಲಿಗೆ ದಾರಿಯೆಂದರೆ ಬೇಲಿಯ ಆ ಸಂದಿ. ಅದರಲ್ಲಿ ನಾನು ಹಿಡಿಯಲಿಲ್ಲ. ಚಕ್ರ ಕಳ್ಳಿಗೆ ಸಿಕ್ಕಿ ನಿಂತಿತು.

ಪೌಲಪ್ಪನವರು ಗುಂಡಿ ತೋಡುವವನ ಕೈಯಿಂದ ಕೊಡಲಿ ಇಸಿದುಕೊಂಡರು. ಮೊದಲ ಏಟು ಅವರದೇ. ಕಳ್ಳಿಯ ಹಾಲು ಮುಖಕ್ಕೆ ಸಿಡಿದರೂ ನಿಲ್ಲಿಸಲಿಲ್ಲ. ಆಮೇಲೆ ಗಂಡಸರೆಲ್ಲ ಕೈ ಹಚ್ಚಿ, ನೋಡನೋಡುತ್ತ ಬೇಲಿಯನ್ನೇ ನೆಲಸಮ ಮಾಡಿದರು. ಸೂರ್ಯ ಮೂಡುವ ಹೊತ್ತಿಗೆ ನಾನು ಆಚೆ ಬದಿಯಲ್ಲಿದ್ದೆ. ಹೆಸರಿಲ್ಲದ ಆ ಗೋರಿಗಳ ನಡುವೆ ಪೌಲಪ್ಪನವರು ಗಂಟಲು ಬಿಚ್ಚಿ, "ಕರ್ತನು ಎದ್ದಿದ್ದಾನೆ" ಎಂದರು. "ನಿಜವಾಗಿ ಎದ್ದಿದ್ದಾನೆ" ಎಂದು ಸಭೆಯೆಲ್ಲ ಕೂಗಿತು. ರಾಹೇಲವ್ವ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದಳು. ನನ್ನ ಜನ್ಮ ಸಾರ್ಥಕವಾಯಿತು.

ಆ ಕಳ್ಳಿಯನ್ನು ಮತ್ತೆ ಯಾರೂ ನೆಡಲಿಲ್ಲ. ಕೊಟ್ಟಿಗೆಗೆ ಮತ್ತೆ ಬೀಗವೂ ಬೀಳಲಿಲ್ಲ. ನರಕ ಇದೆ ಎಂದು ಪೌಲಪ್ಪನವರು ಕಡೆತನಕ ಹೇಳುತ್ತಿದ್ದರು. ಅಲ್ಲಿ ಯಾರಿದ್ದಾರೆ ಎಂದು ಹೇಳುವುದನ್ನು ಮಾತ್ರ ಬಿಟ್ಟರು. ಅವರನ್ನೂ ನಾನೇ ಹೊತ್ತೆ, ಅವರೇ ಬೇಡಿದ ಜಾಗಕ್ಕೆ, ಸಿಮೆಯೋನನ ಪಕ್ಕಕ್ಕೆ.

ಈಗ ಶವಕ್ಕೆ ವ್ಯಾನು ಬಂದಿದೆ. ನಾನು ಗುಡಿಯ ಹಿಂದಿನ ಬೇವಿನ ಕೆಳಗೆ ಒಂದು ಚಕ್ರ ಕಳೆದುಕೊಂಡು ಕೂತಿದ್ದೇನೆ. ಈಸ್ಟರಿಗೆ ಈಗಲೂ ನನ್ನ ಮೇಲೆ ಹೂ ಸುರಿಯುತ್ತಾರೆ. ನಾನು ಹೊತ್ತವರಲ್ಲಿ ಯಾರು ಎಲ್ಲಿ ಸೇರಿದರೋ ನನಗೆ ತಿಳಿಯದು. ನನ್ನ ಓಟ ಗುಂಡಿಯ ತನಕ. ಅಲ್ಲಿಂದಾಚೆ ಹೊರುವವನು ಬೇರೆ, ಮತ್ತು ಅವನಿಗೆ ದಾರಿ ಗೊತ್ತು.