ಜೋಡಿ ಕಾರ್ಬುರೇಟರ್

ಮೇಸ್ತ್ರಿ ಹಿತ್ತಲಿನ ತನ್ನ ಗ್ಯಾರೇಜಿನ ಬಾಗಿಲು ಹಾಕಿದ್ದು ಯಾರೋ ಹೇಳಿದರೆಂದಲ್ಲ. ಅವನ ಕೈಯಿಂದ ರಿಪೇರಿಯಾಗಿ ಹೋದ ಟ್ಯಾಕ್ಸಿಯೊಂದು ಮರುದಿನವೇ ಏರು ರಸ್ತೆಯಲ್ಲಿ ಎಂಜಿನ್ ಹಿಡಿದುಕೊಂಡು ನಿಂತುಬಿಟ್ಟಿತು. ಒಳಗೆ ಮಕ್ಕಳು ಮರಿ ಸಮೇತ ಒಂದು ಸಂಸಾರವಿತ್ತು. ಯಾರಿಗೂ ಏನೂ ಆಗಲಿಲ್ಲ, ಟ್ಯಾಕ್ಸಿಯವನು ಕೂಗಾಡಲೂ ಇಲ್ಲ. ಆದರೆ ಎಂಜಿನ್ ಬಿಚ್ಚಿದಾಗ ಸವೆದು ಹೋದ ಬೇರಿಂಗ್ ಕಣ್ಣಿಗೆ ಬಿತ್ತು. ಬೇರಿಂಗ್ ಹಾಗೆಲ್ಲ ಸದ್ದಿಲ್ಲದೆ ಸಾಯುವುದಿಲ್ಲ. ವಾರಗಟ್ಟಲೆ ಟಕಟಕ ಎಂದು ಗೋಳಾಡಿರುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಂದು ನಟ್ಟನ್ನೂ ಬಿಚ್ಚದೆ ರೋಗ ಹೇಳುತ್ತಿದ್ದ ಮನುಷ್ಯನಿಗೆ ಆ ಗೋಳು ಕೇಳಿಸಿರಲಿಲ್ಲ.

"ಇನ್ನು ಬೇರೆಯವರ ಗಾಡಿ ಮುಟ್ಟಲ್ಲ ಕಣೇ," ಎಂದು ಅಂದು ಹೆಂಡತಿಗೆ ಹೇಳಿ, ಕೈ ತೊಳೆದುಕೊಂಡು ಕೂತ.

ಹೆಂಡತಿ ಹಾಡಿನ ಟೀಚರು. ಮನೆಯ ಮುಂದಿನ ಕೋಣೆಯಲ್ಲಿ ಸಂಜೆ ಸಂಜೆ ಮಕ್ಕಳಿಗೆ ಪಾಠ. ಮದುವೆಯಾದಾಗಿನಿಂದ ಇಬ್ಬರ ಜಗಳವೂ ಒಂದೇ: ಹಿತ್ತಲಿನಿಂದ ಬರುವ ಎಂಜಿನ್ ಸದ್ದಿಗೆ ಅವಳ ಮಕ್ಕಳ ಸ್ವರ ಕೆಡುತ್ತಿತ್ತು. ಈಗ ಹಿತ್ತಲು ತಣ್ಣಗಾಗಿತ್ತು, ಅವಳಿಗೆ ಅದೇ ಸಂಕಟ. ಕಿವಿ ಡಾಕ್ಟರು ಕೊಟ್ಟ ಯಂತ್ರವನ್ನು ಮೇಸ್ತ್ರಿ ಎರಡು ದಿನ ಹಾಕಿಕೊಂಡು, "ತಲೇನ ತಗಡಿನ ಡಬ್ಬದಲ್ಲಿ ಇಟ್ಟ ಹಾಗಿದೆ," ಎಂದು ಕಿತ್ತು ಮೇಜಿನ ಡ್ರಾಯರಿಗೆ ಹಾಕಿದ್ದ.

"ನಿಮ್ಮ ಜೊತೆ ಮಾತಾಡಿ ಮಾತಾಡಿ ನನ್ನ ಗಂಟಲು ಹೋಗ್ತಿದೆ ರೀ. ಹಾಡೋ ಗಂಟಲು ಇದು."

"ಏನಂದೆ?"

"ಏನಿಲ್ಲ, ಕಾಫಿ ಆರ್ತಿದೆ ಅಂದೆ."

ಹಿತ್ತಲ ಶೆಡ್ಡಿನಲ್ಲಿ ಒಂದು ಮುದಿ ಕಾರಿನ ದೇಹ ಬಿದ್ದಿತ್ತು. ಎಂಜಿನ್ ಇಲ್ಲ, ಚಕ್ರ ಇಲ್ಲ, ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಎಂದೋ ಉಮೇದಿನಲ್ಲಿ ತಂದದ್ದು. ಕಣ್ಣೆದುರಿದ್ದರೆ ಗಂಡನಿಗೆ ಹಳೆಯದೆಲ್ಲ ನೆನಪಾಗುತ್ತದೆ ಎಂದುಕೊಂಡು, ಅದನ್ನು ಒಯ್ದುಬಿಡು ಎಂದು ಹೆಂಡತಿ ತನ್ನ ತಮ್ಮನಿಗೆ ಹೇಳಿ ಕಳುಹಿಸಿದಳು. ತಮ್ಮನದು ಗುಜರಿ ವ್ಯಾಪಾರ. ಅವನು ಹಗ್ಗ, ಲಾರಿ, ಇಬ್ಬರು ಆಳುಗಳ ಜೊತೆ ಬಂದು ಶೆಡ್ಡಿನ ಬಾಗಿಲು ತೆರೆದರೆ, ಭಾವ ಆಗಲೇ ಒಳಗಿದ್ದ. ಕೈಯಲ್ಲಿ ಗರಗಸ. ಕಾರಿನ ಚಾವಣಿಯ ಮುಂದಿನ ಕಂಬ ಅರ್ಧ ಕೊಯ್ದಾಗಿತ್ತು.

"ಭಾವ! ಒಯ್ಯೋಕೆ ಬಂದವನು ನಾನು. ಕೊಯ್ಯೋ ಕೆಲಸ ನಮ್ಮ ಅಂಗಡೀಲೇ ಆಗುತ್ತೆ."

"ಒಯ್ಯೋ ಮಾತೇ ಇಲ್ಲ. ಚಾವಣಿ ಒಂದು ಗೇಣು ಇಳಿಸ್ತೀನಿ. ಹಿಂದೆ ಅಗಲ ಚಕ್ರ, ಮುಂದೆ ಸಣ್ಣವು. ಬಾನೆಟ್ ಬೇಡ, ಎಂಜಿನ್ ಬಯಲಲ್ಲೇ ಇರಲಿ."

"ಹಾಟ್ ರಾಡು! ಹುಡುಗರು ಹಳೇ ಕಾರು ಕೊಯ್ದು ಓಡಿಸೋ ರೇಸು ಗಾಡಿ!" ಭಾಮೈದ ತಲೆಯ ಮೇಲೆ ಕೈ ಇಟ್ಟುಕೊಂಡ. "ಈ ವಯಸ್ಸಲ್ಲಿ?"

"ಏನಂದೆ?"

"ಒಳ್ಳೇ ಎಂಜಿನ್ ಒಂದು ಇದೆ ಅಂದೆ, ಭಾವ!" ಎಂದು ಅವನು ಜೋರಾಗಿ ಕಿರುಚಿದ.

ಒಳ್ಳೆಯ ಎಂಜಿನ್ ಇದ್ದದ್ದು ನಿಜ. ಡಿಕ್ಕಿ ಹೊಡೆದು ನುಜ್ಜುಗುಜ್ಜಾದ ಒಂದು ದೊಡ್ಡ ಕಾರಿನದು. ಗಾಳಿಗೆ ಪೆಟ್ರೋಲು ಬೆರೆಸಿ ಕೊಡುವ ಎರಡು ಕಾರ್ಬುರೇಟರು, ಹೊಡೆತ ತಾಗದ ಗೇರ್ ಬಾಕ್ಸು. ತನ್ನದೇ ಗಾಡಿಯಾದರೆ ಬೇರೆ ಯಾರ ಜೀವಕ್ಕೂ ತಾನು ಹೊಣೆಯಲ್ಲ ಎಂಬ ಧೈರ್ಯದಿಂದ ಮೇಸ್ತ್ರಿ ಕೆಲಸಕ್ಕೆ ಇಳಿದ. ಚಾವಣಿ ಇಳಿಸುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಕಂಬಗಳು ಓರೆ, ಕೊಯ್ದು ಕೆಳಗಿಳಿಸಿದರೆ ಮೇಲಿನ ತುಂಡು ಕೆಳಗಿನದಕ್ಕೆ ಕೂಡಲಿಲ್ಲ. ಕೊನೆಗೆ ಚಾವಣಿಯನ್ನೇ ಅಡ್ಡಡ್ಡ ಸೀಳಿ, ನಡುವೆ ತಗಡಿನ ಪಟ್ಟಿ ಸೇರಿಸಿ ಬೆಸುಗೆ ಹಾಕಿದ. ಬೆಸುಗೆಗೂ ಉಜ್ಜುವುದಕ್ಕೂ ಕಿವಿ ಬೇಕಿರಲಿಲ್ಲ. ಊಟಕ್ಕೆ ಕರೆದರೆ ಬಾರದ, ಬಂದರೂ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಸ್ಟೀರಿಂಗಿನ ಲೆಕ್ಕ ಹಾಕುತ್ತಿದ್ದ ಗಂಡನನ್ನು ನೋಡಿ ಹೆಂಡತಿ ಗುಜರಿಯ ಮಾತು ಬಿಟ್ಟಳು. ಕೋಳಿಗೆ ಬೇರೆ ಗೂಡು ಮಾಡಿಸಿದಳು.

ಎಂಜಿನ್ ಮೊದಲ ಸಲ ಹೊತ್ತಿಕೊಂಡದ್ದು ಒಂದು ಸಂಜೆ, ಪಾಠದ ಹೊತ್ತಿಗೆ. ಕಿಟಕಿಯ ಗಾಜು ಗಡಗಡ ನಡುಗಿತು. ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕರು. ಟೀಚರ ಪಿತ್ತ ನೆತ್ತಿಗೇರಿತು. ದುಡುದುಡು ಹಿತ್ತಲಿಗೆ ಬಂದರೆ ಗಂಡ ಸೋತ ಮುಖ ಹೊತ್ತು ಎಂಜಿನ್ನಿನ ಮೇಲೆ ಅಂಗೈ ಇಟ್ಟು ನಿಂತಿದ್ದ. ಪ್ಲಗ್ಗು, ವಾಲ್ವು ಎಲ್ಲವನ್ನೂ ಅಳತೆಪಟ್ಟಿ ಇಟ್ಟು ಸರಿಮಾಡಿದ್ದ. ಆದರೂ ಎಂಜಿನ್ ಜ್ವರ ಬಂದವರ ಹಾಗೆ ಅದುರುತ್ತಿತ್ತು.

ಬೈಯಲು ಬಂದವಳು ಅಲ್ಲೇ ನಿಂತಳು. ಕತ್ತು ಓರೆ ಮಾಡಿ ಕೇಳಿದಳು. "ರೀ, ಇದು ತಾಳ ತಪ್ತಿದೆ. ಎರಡು ಮಕ್ಕಳು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೆ ಹಾಡಿದ ಹಾಗೆ. ಒಬ್ಬ ಮುಂದೆ ಓಡ್ತಾನೆ, ಒಬ್ಬ ಹಿಂದೆ ಎಳೀತಾನೆ."

"ಏನು?"

ಕೂಗಿ ಹೇಳುವ ತಾಳ್ಮೆ ಅವಳಿಗಿರಲಿಲ್ಲ. ಗಂಡನ ಬೆನ್ನಿಗೆ ಎರಡೂ ಕೈ ಹಚ್ಚಿ, ಬಲಗೈಯಿಂದ ಬಿರುಸಾಗಿ, ಎಡಗೈಯಿಂದ ತಡವಾಗಿ, ಎಂಜಿನ್ ಬಡಿದ ಹಾಗೆಯೇ ಬಡಿದಳು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ತೆರೆದಾಗ ಮುಖದ ಗಂಟು ಸಡಿಲವಾಗಿತ್ತು.

"ಕಾರ್ಬುರೇಟರು," ಎಂದ. "ಎರಡೂ ಒಂದೇ ಸಮ ಗಾಳಿ ಎಳೀತಿಲ್ಲ."

ಅದನ್ನು ಸರಿಮಾಡುವ ದಾರಿ ಅವನಿಗೆ ಚೆನ್ನಾಗಿ ಗೊತ್ತಿತ್ತು: ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಸರದಿಯಂತೆ ಒಂದೊಂದು ಕಾರ್ಬುರೇಟರಿನ ಬಾಯಿಗೆ. ಎರಡರ ಸುಯ್ಲು ಒಂದೇ ಆಗುವ ತನಕ ಸ್ಕ್ರೂ ತಿರುಗಿಸಬೇಕು. ಕೊಳವೆಯನ್ನು ತನ್ನ ಕಿವಿಯ ತನಕ ಒಯ್ದ. ಆಮೇಲೆ ಹೆಂಡತಿಯ ಮುಂದೆ ಚಾಚಿದ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು. "ಈ ಕಡೇದು ಮೇಲಿದೆ. ಇಳಿಸಿ. ಇನ್ನೂ. ಅಯ್ಯೋ, ಅಷ್ಟಲ್ಲ!" ಅವಳ ಕೈ ಏರಿದರೆ ಅವನ ಸ್ಕ್ರೂ ಒಂದು ಕಡೆ, ಇಳಿದರೆ ಇನ್ನೊಂದು ಕಡೆ. ಹಿತ್ತಲ ಬಾಗಿಲಲ್ಲಿ ಮಕ್ಕಳೆಲ್ಲ ಸಾಲಾಗಿ ನಿಂತು ನೋಡಿದರು. ಅಂದು ಪಾಠ ಆಗಲಿಲ್ಲ.

ಎಂಜಿನ್ನಿನ ಅದುರು ಬಹಳಷ್ಟು ತಗ್ಗಿತು. ಪೂರ್ತಿ ಸರಿಯಾಗಲು ಇನ್ನೂ ಒಂದೆರಡು ದಿನದ ಕೆಲಸವಿತ್ತು. ಅಷ್ಟರಲ್ಲಿ ಭಾಮೈದ ಬಂದು ಎಂಜಿನ್ ಸದ್ದು ಕೇಳಿ ಚಪ್ಪಾಳೆ ತಟ್ಟಿದ. "ಭಾವ, ಬೋರ್ಡ್ ಬರೆಸೋಣ. ಮೇಸ್ತ್ರಿ ಅಕ್ಕ, ಹೆಲ್ಪರ್ ಭಾವ!"

ತಮಾಷೆಗೆ ಹೇಳಿದ ಮಾತು. ಈ ಸಲ ಮೇಸ್ತ್ರಿಗೆ ಒಂದಕ್ಷರವೂ ತಪ್ಪದೆ ಕೇಳಿಸಿತು. ಭಾಮೈದ ಹೋದ ಮೇಲೆ, ಕೊಳವೆ ಹಿಡಿದು ಬಂದ ಹೆಂಡತಿಯ ಮುಖ ನೋಡದೆ, "ನೀನು ಹಾಡು ಕಲಿಸ್ಕೋ ಹೋಗು. ಇಲ್ಲಿ ಮೂಗು ತೂರಿಸಬೇಡ," ಎಂದ.

ಅವಳು ಕೊಳವೆಯನ್ನು ಮೊಳೆಗೆ ತಗುಲಿಹಾಕಿ ಒಳಗೆ ಹೋದಳು.

ಮೇಸ್ತ್ರಿ ಹಟಕ್ಕೆ ಬಿದ್ದು ತಾನೇ ಸ್ಕ್ರೂ ತಿರುಗಿಸಿದ. ಅಂದಾಜಿನ ಮೇಲೆ ಅಂದಾಜು. ಬಗ್ಗಿ ನೋಡುತ್ತಿದ್ದಾಗ ಎಂಜಿನ್ ಢಬ್ ಎಂದು ಸೀನಿತು. ಕಾರ್ಬುರೇಟರಿನ ಬಾಯಿಂದ ಬೆಂಕಿಯ ನಾಲಿಗೆ ಚಿಮ್ಮಿ ಅವನ ಹುಬ್ಬು ಸವರಿಕೊಂಡು ಹೋಯಿತು. ಸದ್ದಿಗೆ ಓಡಿ ಬಂದವಳು ನೀರಿನ ತೊಟ್ಟಿಯಲ್ಲಿ ಗೋಣಿ ಅದ್ದಿ ಎಂಜಿನ್ನಿನ ಮೇಲೆ ಎಸೆದಳು. ಬೆಂಕಿ ಆರಿತು. ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, ಕಣ್ಣಿಗೆ ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಮುಲಾಮು ಹಚ್ಚಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೂರು ದಿನ ಶೆಡ್ಡಿನ ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ಸಂಜೆ ಪಾಠ ನಡೆದಿದ್ದಾಗ, ಅರ್ಧ ಹುಬ್ಬಿನ ಮೇಸ್ತ್ರಿ ಮುಂದಿನ ಕೋಣೆಗೆ ಬಂದು ಮಕ್ಕಳ ಹಿಂದಿನ ಬೆಂಚಿನಲ್ಲಿ ಕೂತ. ಮಕ್ಕಳು ಕಿಸಿಕಿಸಿ ನಕ್ಕರು. ಅವನ ಕಿವಿಯಲ್ಲಿ ಯಂತ್ರವಿದ್ದದ್ದನ್ನು ಹೆಂಡತಿ ನೋಡಿದಳು. ಹೇಳಿಕೊಡುತ್ತಿದ್ದ ಸಾಲನ್ನು ನಿಲ್ಲಿಸದೆ, ಅದನ್ನೇ ಇನ್ನೊಂದು ಸಲ, ಸ್ವಲ್ಪ ನಿಧಾನವಾಗಿ ಹಾಡಿದಳು. ಅವನು ತಲೆ ತಗ್ಗಿಸಿ ಕೊನೆಯ ತನಕ ಕೂತಿದ್ದ.

ಮಕ್ಕಳು ಹೋದ ಮೇಲೆ ಅವಳೇ ಕೇಳಿದಳು, "ಹೇಗಿತ್ತು?"

"ತಗಡಿನ ಥರಾನೇ ಕೇಳಿಸುತ್ತೆ." ಅವನು ಕಿವಿಯ ಯಂತ್ರ ಮುಟ್ಟಿ ನೋಡಿಕೊಂಡ. "ಆದ್ರೂ ನಿಂದೇ ಅಂತ ಗೊತ್ತಾಗುತ್ತೆ. ಎಷ್ಟು ವರ್ಷ ಆಯ್ತು ಕೇಳಿ."

"ಕೇಳಬೇಡಿ ಅಂತ ಯಾರು ಹೇಳಿದ್ರು?"

"ನನ್ನ ಕೊಬ್ಬು. ಅವತ್ತು ಹಾಗೆ ಅನ್ನಬಾರದಿತ್ತು ಕಣೇ. ನನ್ನ ಕಸುಬು ಇನ್ನೊಬ್ಬರ ಕಿವಿಗೆ ಹೋಯ್ತಲ್ಲ ಅಂತ ಹೊಟ್ಟೆ ಉರೀತು."

"ಇನ್ನೊಬ್ಬರು ಯಾರ್ರೀ? ನಾನು," ಎಂದು ಅವಳು ಹಾರ್ಮೋನಿಯಂ ಮುಚ್ಚಿ ಎದ್ದಳು. "ನಡೀರಿ, ಬೆಳಕಿರೋವಾಗಲೇ ಮುಗಿಸೋಣ. ಈ ಸಲ ತಲೆ ದೂರ ಇಡಿ. ಇನ್ನೊಂದು ಹುಬ್ಬಾದರೂ ಇರಲಿ."

ಆ ಸಂಜೆ ಎರಡು ಕಾರ್ಬುರೇಟರುಗಳ ಸುಯ್ಲು ಕೂಡಿತು. ಎಂಜಿನ್ನಿನ ಮೇಲೆ ಇಟ್ಟ ನೀರಿನ ಲೋಟ ತುಳುಕಲಿಲ್ಲ. ಮುಂದಿನ ವಾರಗಳಲ್ಲಿ ಬ್ರೇಕು, ದೀಪ ಆದವು. ಸೀಟಿಗೆ ಅವಳೇ ದಪ್ಪ ಬಟ್ಟೆ ಹೊಲಿದಳು. ಬಣ್ಣ ಕಡು ಹಸಿರು, ಅದೂ ಅವಳು ಆರಿಸಿದ್ದು. ತಪಾಸಣೆಯ ಅಧಿಕಾರಿ ಗಾಡಿಯ ಸುತ್ತ ಓಡಾಡಿ, ಇನ್ನೂ ಉದ್ದನೆಯ ಸೈಲೆನ್ಸರ್ ಹಾಕಿಸಿ, ರಸ್ತೆಗೆ ಬಿಡಲು ಒಪ್ಪಿದ.

ಮೊದಲ ಸವಾರಿಗೆ ಗಂಡ ಹೆಂಡತಿ ಇಬ್ಬರೇ ಹೊರಟರು. ತಗ್ಗಿದ ಚಾವಣಿಯ ಕೆಳಗೆ ನುಸುಳಿ ಕೂರುವಷ್ಟರಲ್ಲಿ ಅವಳ ಜಡೆ ಎರಡು ಸಲ ಬಾಗಿಲಿಗೆ ಸಿಕ್ಕಿತು. ಕೆರೆಯ ಪಕ್ಕದ ನೇರ ರಸ್ತೆಯಲ್ಲಿ ಅವನು ಪೆಡಲ್ ಒತ್ತಿದಾಗ ಅವಳು, "ಅಮ್ಮಾ!" ಎಂದು ಕಿರುಚಿ, ಮರುಕ್ಷಣವೇ, "ಇನ್ನೂ ಒತ್ರೀ," ಎಂದಳು.

ಪೆಟ್ರೋಲ್ ಬಂಕಿನಲ್ಲಿ ಬೇಕರಿಯವನೊಬ್ಬ ಎಂಜಿನ್ ಆರಿಸದೆಯೇ ತನ್ನ ವ್ಯಾನು ಬಿಟ್ಟು ಇವರ ಗಾಡಿಯ ಹತ್ತಿರ ಬಂದ. ಬಯಲಲ್ಲಿ ಹೊಳೆಯುತ್ತಿದ್ದ ಎಂಜಿನ್ ನೋಡಿ, "ಕಟ್ಟಿದ್ದು ಯಾರು, ಯಜಮಾನ್ರೇ? ನನ್ನ ವ್ಯಾನ್ ಎಲ್ಲಿ ತೋರಿಸಿದ್ರೂ ಸರಿಹೋಗ್ತಿಲ್ಲ," ಎಂದ.

ಮೇಸ್ತ್ರಿ ಟ್ಯಾಂಕಿನ ಮುಚ್ಚಳ ತಿರುಗಿಸಿ ಭದ್ರ ಮಾಡಿದ. ಬೇರೆಯವರ ಗಾಡಿ. ಬೆಳಗಾಗೆದ್ದು ಬ್ರೆಡ್ಡು ಹೊತ್ತು ಊರು ಸುತ್ತುವ ಗಾಡಿ. ಉತ್ತರಕ್ಕಾಗಿ ಹೆಂಡತಿಯ ಕಡೆ ತಿರುಗಿದರೆ ಅವಳು ಅಲ್ಲಿರಲೇ ಇಲ್ಲ. ವ್ಯಾನಿನ ಬಳಿ ಕತ್ತು ಓರೆ ಮಾಡಿ ನಿಂತಿದ್ದಳು.

"ಇದರಲ್ಲಿ ಏನೋ ಸಣ್ಣಗೆ ಅಳ್ತಿದೆ ರೀ," ಎಂದು ಕೂಗಿದಳು. "ಬಲಗಡೆ, ಕೆಳಗೆ."

ಮೇಸ್ತ್ರಿ ಕಿವಿಯ ಯಂತ್ರ ಸರಿಪಡಿಸಿಕೊಂಡ. "ಕೇಳೋದು ಅವಳು, ಬಿಚ್ಚೋದು ನಾನು," ಎಂದ ಬೇಕರಿಯವನಿಗೆ. "ಒಪ್ಪಿಗೆ ಇದ್ರೆ ಹಿಂದೇನೇ ಬನ್ನಿ. ನಿಧಾನಕ್ಕೆ ಹೋಗ್ತೀನಿ."

ಹಸಿರು ಗಾಡಿ ಬಂಕಿನಿಂದ ರಸ್ತೆಗಿಳಿಯಿತು. ವ್ಯಾನು ಕೆಮ್ಮುತ್ತಾ ಅದರ ಹಿಂದೆಯೇ ಹೊರಟಿತು.