ಮಕ್ಕೊಂಡಾರ ಅಂದ ಮಾತು

ಕಿಟಕಿಯ ಸಂದಿಯಿಂದ ಬಂದ ಬಿಸಿಲಿನ ಪಟ್ಟೆ ಚಾಪೆಯ ಮೇಲೆ ಸರಿಯುತ್ತ ಸವಿತಾ ಅಕ್ಕೋರ ಕೆನ್ನೆ ಮುಟ್ಟಿತು, ಕೆನ್ನೆಯಿಂದ ಕಣ್ಣಿಗೆ ಏರಿತು, ರೆಪ್ಪೆ ಅಲುಗಲಿಲ್ಲ — ಕಣ್ಣಿಗೆ ಬಿಸಿಲು ಬಿದ್ದರೆ ಮೂರು ವರ್ಷದ ಕೂಸೂ ಮುಖ ತಿರುಗಿಸುತ್ತದೆ, ಇವರು ತಿರುಗಿಸಲಿಲ್ಲ, ಕರೆವ್ವನಿಗೆ ತಿಳಿದದ್ದು ಆಗಲೇ, ದವಾಖಾನೆಯವರು ಬಾಯಿಬಿಟ್ಟು ಹೇಳುವುದಕ್ಕೆ ಎರಡು ತಾಸು ಮುಂಚೆಯೇ, ತೊಳೆದ ತಟ್ಟೆಗಳನ್ನು ಎದೆಗೆ ಒತ್ತಿಕೊಂಡು ಅಂಗನವಾಡಿಯ ಬಾಗಿಲಲ್ಲಿ ನಿಂತಿದ್ದಾಗ. ಸುತ್ತಲೂ ಹದಿನೆಂಟು ಮಕ್ಕಳು ಉಂಡು ಮಲಗಿದ್ದವು, ಅವುಗಳ ನಡುವೆ ಅವುಗಳ ಹಾಗೆಯೇ ಕಾಲು ಮಡಚಿಕೊಂಡು ಅವುಗಳಿಗೆ ಕಲಿಸುವ ಅಕ್ಕೋರು, ಮೂವತ್ತನಾಲ್ಕು ವರ್ಷದವರು. ಬೆಳಗಿನಿಂದ ತಲಿ ಸಿಡ್ಯಾಕತ್ತೈತಿ ಕರೆವ್ವ ಅಂದಿದ್ದರು, ಸ್ವಲ್ಪ ಅಡ್ಡಾಗ್ರಿ ಅಕ್ಕೋರ, ನಾ ನೋಡ್ಕೋತೇನಿ ಅಂದವಳು ತಾನೇ, ಮಕ್ಕಳ ಕಡೆ ತಿರುಗಿ ಗದ್ಲ ಮಾಡಬ್ಯಾಡ್ರಿ, ಅಕ್ಕೋರು ಮಕ್ಕೊಂಡಾರ, ಎಲ್ಲಾರೂ ಬಾಯಿ ಮ್ಯಾಲ ಬೆರಳ ಇಡ್ರಿ ಅಂದವಳೂ ತಾನೇ. ಹದಿನೆಂಟು ಬೆರಳು ಹದಿನೆಂಟು ತುಟಿಯ ಮೇಲೆ. ಆ ಗಪ್ಪನೆಯ ಮೌನದಲ್ಲಿ ಒಂದೂವರೆ ತಾಸು ಹೋಯಿತಲ್ಲ ಶಿವನೇ, ಒಂದು ಮಗುವಾದರೂ ಕಿರುಚಿದ್ದರೆ, ಒಂದು ತಟ್ಟೆಯಾದರೂ ಕೈಜಾರಿ ಬಿದ್ದಿದ್ದರೆ, ಅವರು ಏಳದೆ ಇದ್ದದ್ದು ಆಗಲೇ ತಿಳಿಯುತ್ತಿತ್ತು. ಹಾನಗಲ್ಲಿನ ಡಾಕ್ಟರು ಮಿದುಳಿನ ನರ ಒಡದೈತಿ, ಮೊದಲ ತಂದಿದ್ರೂ ಅಷ್ಟ, ಬಿಡ್ರಿ ಅಂದರು, ಅಂದದ್ದು ಸಮಾಧಾನಕ್ಕೋ ಸತ್ಯಕ್ಕೋ, ಯಾರು ಬಲ್ಲರು.

ಇಪ್ಪತ್ತಾರು ವರ್ಷದಿಂದ ತಿಳವಳ್ಳಿಯ ಈ ಅಂಗನವಾಡಿಯಲ್ಲಿ ಅಡಿಗೆ ಮಾಡಿ, ಮೂಗು ಒರೆಸಿ, ಚಡ್ಡಿ ಬದಲಿಸಿ ಬಂದವಳು ಕರೆವ್ವ, ಬಾಯಿ ಮ್ಯಾಲ ಬೆರಳ ಎಂಬುದೊಂದೇ ಅವಳಿಗೆ ಗೊತ್ತಿದ್ದ ಮಂತ್ರ, ಮೂವತ್ತು ಮಕ್ಕಳಿರಲಿ ನಲವತ್ತಿರಲಿ ತಕ್ಷಣ ಗಪ್ಪ. ಒಂಬತ್ತು ವರ್ಷದ ಹಿಂದೆ ಸವಿತಾ ಅಕ್ಕೋರು ಕೆಲಸಕ್ಕೆ ಬಂದ ವಾರವೇ ಅದನ್ನು ನಿಲ್ಲಿಸಿದರು, ಅಳಲಿ ಬಿಡ್ರಿ ಕರೆವ್ವ, ಅಳೂದೂ ಒಂದ ಕೆಲಸ, ಅರ್ಧಕ್ಕ ಬಿಡಿಸಿದ್ರ ಒಳಗ ಉಳೀತೈತಿ. ನಗು ಬಂದಿತ್ತು ಕರೆವ್ವನಿಗೆ, ನಾವೆಲ್ಲಾ ಗಪ್ಪ ಕುಂತ ದೊಡ್ಡಾವರಾಗಿಲ್ಲೇನ್ರಿ? ಆಗೀರಿ, ಅದಕ್ಕ ಉಳ್ಳಾಗಡ್ಡಿ ಹೆಚ್ಚೂಮುಂದ ಅಷ್ಟ ಅಳತೀರಿ, ಅಂದುಬಿಟ್ಟರು, ಮಗಳ ವಯಸ್ಸಿನಾಕಿ, ಎಂಥ ಮಾತು, ಆ ದಿನ ಸಿಟ್ಟಿನಿಂದ ಪಲ್ಯಕ್ಕೆ ಉಪ್ಪೇ ಹಾಕಲಿಲ್ಲ. ಆದರೆ ನೋಡುತ್ತ ನೋಡುತ್ತ — ಗೋಡೆಗೆ ರಟ್ಟಿನ ಮುಖಗಳನ್ನು, ಮೋತಿಗಳನ್ನು, ಕತ್ತರಿಸಿ ತೂಗುಹಾಕಿದ್ದರು, ನಗುವ ಮೋತಿ, ಅಳುವ ಮೋತಿ, ಸಿಟ್ಟಿನ ಮೋತಿ, ಹೆದರಿದ ಮೋತಿ, ಮಕ್ಕಳು ಬಂದ ಕೂಡಲೇ ತಮ್ಮದು ಇವತ್ತು ಯಾವುದೋ ಅದನ್ನು ಮುಟ್ಟಿ ಬರಬೇಕು, ಸಿಟ್ಟಿನದನ್ನು ಮುಟ್ಟಿದವನಿಗೆ ಬೈಗುಳವಿಲ್ಲ, ಯಾಕಪಾ, ಯಾರ ಏನಂದ್ರು ಎಂದು ಕೇಳುವುದು, ಕಚ್ಚಿದವನಿಗೆ ಪೆಟ್ಟಿಲ್ಲ, ಕಚ್ಚಿಸಿಕೊಂಡವಳ ಕೈಗೆ ಅವನಿಂದಲೇ ತಣ್ಣೀರಿನ ಅರಿವೆ ಕಟ್ಟಿಸುವುದು. ಕಚ್ಚುವುದು ನಿಂತಿತು. ತನ್ನ ಮಂತ್ರ ಮೂಲೆ ಸೇರಿತು. ಒಂಬತ್ತು ವರ್ಷ ಮೂಲೆಯಲ್ಲಿದ್ದದ್ದನ್ನು ಅವತ್ತೊಂದು ದಿನ ಯಾಕೆ ತೆಗೆದೆ, ಅವರ ಮೇಲಿನ ಮಾಯೆಗೇ ತೆಗೆದೆ, ಅವರು ನಿದ್ದೆ ಮಾಡಲಿ ಎಂದು.

ಗುತ್ತಿ ಈಗಲೂ ಬೆರಳು ತೆಗೆದಿಲ್ಲ. ಚನ್ನೇಶನ ಮಗಳು, ನಾಲ್ಕು ತುಂಬಿ ಎರಡು ತಿಂಗಳು, ಹೆಸರು ಗುತ್ತೆವ್ವ, ಎಲ್ಲರ ಬಾಯಲ್ಲಿ ಗುತ್ತಿ. ಮೊದಲು ಎಂಥ ಮಾತುಗಾರ್ತಿ, ಹಾನಗಲ್ಲಿನಿಂದ ಬರುವ ಸೂಪರ್‌ವೈಜರ್ ದೀಪ್ತಿ ಮೇಡಂ ಗಾಡಿ ನಿಲ್ಲಿಸುತ್ತಿದ್ದಂತೆ ನಿಮ್ಮ ಸ್ಕೂಟಿ ಹಾಲ ಕೊಡತೈತೇನ್ರಿ ಎಂದು ಕೇಳಿದವಳು. ಆ ಮಧ್ಯಾಹ್ನದಿಂದ ಇವತ್ತಿಗೆ ಇಪ್ಪತ್ಮೂರು ದಿನ, ಒಂದು ಮಾತಿಲ್ಲ, ನೀರು ಬೇಕಾದರೆ ಲೋಟ ತೋರಿಸುತ್ತಾಳೆ, ಬಿದ್ದು ಮೊಣಕಾಲು ಕೆತ್ತಿಹೋದಾಗಲೂ ಬಾಯಿ ತೆರೆದಳು, ದನಿ ಬರಲಿಲ್ಲ, ಕಣ್ಣೀರು ಮಾತ್ರ. ತಾಯಿ ಮಂಜುಳಾ ಬಾಗಿಲಲ್ಲಿ ನಿಂತು ಅತ್ತಳು, ಏನ್ ಮಾಡೀರಿ ಕರೆವ್ವ ನಮ್ಮ ಹುಡುಗಿಗೆ, ಮನ್ಯಾಗ ಕುಕ್ಕರ್ ಸೀಟಿ ಹೊಡದ್ರ ಓಡಿ ಹೋಗಿ ಕೈಲೆ ಮುಚ್ಚಾಕ ನೋಡ್ತಾಳ, ನನಗೂ ಗಪ್ಪ ಅಂತ ಸನ್ನಿ ಮಾಡ್ತಾಳ, ಲಿಂಬಿಹಣ್ಣ ಇಳಿಸೇವಿ, ಹುಲಗೂರ ದರ್ಗಾಕ್ಕ ಹೋಗಿ ತಾಯತ ಕಟ್ಟಿಸೇವಿ, ಅಕ್ಕೋರ ಗಾಳಿ ಬಡದೈತಿ ಅಂತಾರ. ಗಾಳಿ. ಸವಿತಾ ಅಕ್ಕೋರು ಮಗುವನ್ನು ಹಿಡಿಯುವವರೇ? ಹಾಗೆ ಅಂದವರ ಮೇಲೆ ಸಿಟ್ಟು ಬಂತು, ಬಂದ ಸಿಟ್ಟು ನಡುದಾರಿಯಲ್ಲೇ ತಣ್ಣಗಾಯಿತು, ಯಾಕೆಂದರೆ ಹಿಡಿದುಕೊಂಡದ್ದೇನೋ ಇದೆ, ಅದು ಈ ಕೋಣೆಯಲ್ಲೇ ಇದೆ, ಮಧ್ಯಾಹ್ನ ಮಕ್ಕಳು ಮಲಗಿದಾಗ ಅದು ಉಸಿರಾಡುವುದು ಕರೆವ್ವನಿಗೂ ಕೇಳಿಸುತ್ತದೆ.

ನಿನ್ನೆ ದೀಪ್ತಿ ಮೇಡಂ ಪಕ್ಕದಲ್ಲಿ ಕುಳಿತು ಕೇಳಿದರು, ಸವಿತಾ ಬಗ್ಗೆ ಮಕ್ಕಳಿಗೆ ಏನ್ ಹೇಳೀರಿ ಕರೆವ್ವ? ಊರಿಗೆ ಹೋಗ್ಯಾರ ಅಂತ ಹೇಳೇವ್ರಿ. ಅದು ಆಮೇಲೆ. ಅವತ್ತು, ಎತ್ತಿಕೊಂಡು ಹೋಗೂಮುಂದ? ಚಾದರದಲ್ಲಿ ಎತ್ತಿಕೊಂಡು ಆಟೋಕ್ಕೆ ಒಯ್ಯುವಾಗ ಮಕ್ಕಳೆಲ್ಲ ಎದ್ದು ನಿಂತಿದ್ದವು, ಯಾರೋ ಗಂಡಸರು ಸರೀರಿ ಸರೀರಿ ಎನ್ನುತ್ತಿದ್ದರು, ಆಗಲೂ ತಾನು — ಮಕ್ಕೊಂಡಾರ ಅಂದ್ನಿರಿ, ಗದ್ಲ ಮಾಡಬ್ಯಾಡ್ರಿ ಅಂದ್ನಿ. ಮೇಡಂ ಗುತ್ತಿಯ ಕಡೆ ನೋಡಿದರು, ಸಣ್ಣವು ನಮ್ಮ ಮಾತು ಹ್ಯಾಂಗೈತೋ ಹಂಗ ತಗೋತಾವ ಕರೆವ್ವ, ಸತ್ತಾರ ಅಂತ ಹೇಳಬೇಕು, ಬ್ಯಾರೆ ಶಬ್ದ ಬ್ಯಾಡ. ನೀವ ಹೇಳ್ರಲ್ಲ ಮೇಡಂ. ನಾ ಹೇಳಿದ್ರ ನಂಬೂದಿಲ್ಲ, ಆಕಿಗೆ ಗಪ್ಪ ಇರು ಅಂದವರು ನೀವು. ಗದರಿಸಿ ಅಂದದ್ದಲ್ಲ, ಮೆಲ್ಲಗೆ ಅಂದರು, ಅದಕ್ಕೇ ಕುಯ್ದಂತಾಯಿತು. ಆ ಶಬ್ದ ಕರೆವ್ವ ಯಾರ ಮುಂದೆಯೂ ಆಡಿಲ್ಲ, ಶಿವನ ಪಾದ ಸೇರಿದರು ಎನ್ನುತ್ತಾಳೆ, ಹೋಗಿಬಿಟ್ಟರು ಎನ್ನುತ್ತಾಳೆ, ದಿನಾ ಬೆಳಿಗ್ಗೆ ಶಾಂತೇಶ್ವರನ ಗುಡಿಯ ಕಂಬಕ್ಕೆ ಹಣೆ ಹಚ್ಚಿ ಎಬ್ಬಿಸಪಾ, ಒಮ್ಮೆ ಎಬ್ಬಿಸು ಎನ್ನುತ್ತಾಳೆ, ಮಣ್ಣು ಕೊಟ್ಟು ಬಂದ ಕೈಯನ್ನೇ ಜೋಡಿಸಿ ಎಬ್ಬಿಸು ಎನ್ನುತ್ತಾಳೆ, ಅರವತ್ತೆರಡು ವರ್ಷದ ಹೆಂಗಸು.

ಈಗ ಮಧ್ಯಾಹ್ನ, ಹೊರಗೆ ರಸ್ತೆಯ ಮೇಲೆ ಹರವಿದ ಗೋವಿನಜೋಳವನ್ನು ಯಾರೋ ಕಾಲಿನಿಂದ ಕೆದರುತ್ತಿದ್ದಾರೆ, ಸರ್ ಸರ್, ಮಕ್ಕಳು ಮಲಗಿವೆ, ಗುತ್ತಿ ಮಲಗಿಲ್ಲ, ಅಕ್ಕೋರು ಮಲಗಿದ್ದ ಜಾಗದ ಪಕ್ಕದಲ್ಲಿ ಕಾವಲು ಕೂತಿದ್ದಾಳೆ, ಕೆಮ್ಮಿದವನ ಕಡೆ ಕಣ್ಣು ಕೆಕ್ಕರಿಸುತ್ತಾಳೆ, ತುಟಿಯ ಮೇಲೆ ಬೆರಳು, ಉಗುರಿನ ಸಂದಿಯಲ್ಲಿ ಅನ್ನದ ಅಗುಳು ಒಣಗಿದೆ. ಕರೆವ್ವ ಹೋಗಿ ಕೂರುತ್ತಾಳೆ, ಮೊಣಕಾಲು ಕಟಕ್ ಅನ್ನುತ್ತದೆ, ಗುತ್ತಿ ಆ ಕಟಕ್ಕಿಗೂ ಬೆದರುತ್ತಾಳೆ, ಆಮೇಲೆ ಹತ್ತಿರ ಸರಿದು, ಇಪ್ಪತ್ಮೂರು ದಿನದಲ್ಲಿ ಮೊದಲ ಸಲ, ಬಿಸಿಯುಸಿರು ಕಿವಿಗೆ, ಆಯಿ, ಅಕ್ಕೋರು ಎದ್ರೇನ? ಶಿವನೇ. ಹೂಂ ಅಂದುಬಿಡಲೇ, ನಾಳೆ ಏಳ್ತಾರ ಅನ್ನಲೇ, ಮತ್ತೆ ನಾಳೆ? ಮಗುವಿನ ಎರಡೂ ಭುಜ ಹಿಡಿದು — ಇಲ್ಲವಾ ಗುತ್ತಿ, ಅಕ್ಕೋರು ಮಕ್ಕೊಂಡಿಲ್ಲ, ಅಕ್ಕೋರು ಸತ್ತಾರ. ಸತ್ತಾರ ಅಂದ್ರ? ಅವರ ಮೈಯಾಗ ಉಸುರಿಲ್ಲವಾ, ಇನ್ನ ಏಳೂದಿಲ್ಲ, ಬರೂದಿಲ್ಲ. ನಾ ಒದರಿದ್ರ? ನೀ ಒದರಿದ್ರೂ ಏಳೂದಿಲ್ಲ. ಗಪ್ಪ ಕುಂತ್ರ? ಗಪ್ಪ ಕುಂತ್ರೂ ಬರೂದಿಲ್ಲ. ಮಗು ಅವಳ ಮುಖವನ್ನೇ ನೋಡಿತು, ಎಷ್ಟು ದೊಡ್ಡ ಕಣ್ಣು, ನೀನ ಮಕ್ಕೊಂಡಾರ ಅಂದಿ. ಅಂದ್ನಿ, ತಪ್ಪ ಅಂದ್ನಿ, ನನಗ ಗೊತ್ತಾಗಲಿಲ್ಲ, ನಿಂದೇನೂ ತಪ್ಪಿಲ್ಲ ನನ್ನವ್ವ, ನೀ ನಾ ಹೇಳಿದಂಗ ಕೇಳಿದಿ, ನಾನ ತಪ್ಪಿದೆ.

ಬೆರಳು ಇಳಿಯಿತು. ಬಾಯಿ ತೆರೆಯಿತು, ಮೊದಲು ದನಿಯಿಲ್ಲ, ಆಮೇಲೆ ಎಲ್ಲಿತ್ತೋ ಅಷ್ಟು ದನಿ, ತಗಡಿನ ಮಾಡು ಅದುರುವಂತೆ, ಅಕ್ಕೋರss ಎಂದು ಒಂದೇ ಕೂಗು, ಮಲಗಿದ್ದವೆಲ್ಲ ದಡಬಡಿಸಿ ಎದ್ದು ಯಾಕೆಂದು ತಿಳಿಯದೆ ತಾವೂ ಅಳತೊಡಗಿದವು, ಕರೆವ್ವನ ಕೈ ಇಪ್ಪತ್ತಾರು ವರ್ಷದ ರೂಢಿಯಿಂದ ಮೇಲೆದ್ದಿತು, ಗಪ್ಪ ಎನ್ನಲು, ಎದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಇಳಿಸಿದಳು, ಅಳಲಿ, ಮುಗಿಯುವ ತನಕ ಅಳಲಿ, ಒಂದು ಮಡಿಲಿಗೆ ಹದಿನೆಂಟು ತಲೆ ಎಲ್ಲಿ ಸಾಲುತ್ತದೆ, ಸೆರಗು ಹಿಡಿದವು, ಬೆನ್ನಿಗೆ ಅಂಟಿದವು. ಆ ಗದ್ದಲದ ನಡುವೆ ಕಣ್ಣು ಮುಚ್ಚಿದಳು, ಎಬ್ಬಿಸು ಎಂಬ ಮಾತು ಹುಡುಕಿದರೂ ಬಾಯಿಗೆ ಬರಲಿಲ್ಲ, ಬಂದದ್ದು ಬೇರೆ — ಶಾಂತೇಶಾ, ನನ್ನಪ್ಪಾ, ಸವಿತಾ ಸತ್ತಾಳಪಾ, ನಾ ಹಟ ಬಿಟ್ಟೆ, ನಮ್ಮ ಅಳು ಆಕಿ ಕಾಲಿಗೆ ತೊಡಕಾಗದಿರಲಿ, ಆಕಿ ಹಿಂದ ತಿರುಗಿ ನೋಡದಂಗ ಕೈ ಹಿಡಕೊಂಡ ಕರಕೊಂಡ ಹೋಗು, ಆ ಜೀವಕ್ಕ ಶಾಂತಿ ಕೊಡಪಾ, ಶಾಂತಿ ಕೊಡು.