ನೀಲದ ಕೊನೆಯ ಅಧ್ಯಾಯ

ಕಿಟಕಿಯ ಕೆಳಗೆ ಒಂದು ಮೇಜು. ಅದರ ಮೇಲೆ ಒಂದು ಹಸ್ತಪ್ರತಿ, ಬಿಚ್ಚಿಟ್ಟ ದಾರ, ಮಡಿಸದೆ ಬಿಟ್ಟ ಕನ್ನಡಕ. ಕನ್ನಡಕದ ಒಂದು ಗಾಜಿನಲ್ಲಿ ಮೋಡ ಕವಿದ ಆಕಾಶದ ತುಣುಕು. ಕಪಾಟಿನಲ್ಲಿ ಮಾಣಿಕ್ಯ, ಪಚ್ಚೆ, ಪುಷ್ಯರಾಗ, ಗೋಮೇದಕ, ವೈಡೂರ್ಯ: ಬೆನ್ನು ತೋರಿಸಿ ನಿಂತ ಐದು ಕಾದಂಬರಿಗಳು. ಆರನೆಯದಕ್ಕೆಂದು ಬಿಟ್ಟ ಸಂದಿನಲ್ಲಿ ಧೂಳು ಕುಳಿತಿತ್ತು.

ಅಣ್ಣ ಪತ್ತೇದಾರಿ ಕಾದಂಬರಿಕಾರ. ತಂಗಿ ಒಡವೆ ಅಂಗಡಿಯಲ್ಲಿ ಮುತ್ತು ಪೋಣಿಸುವವಳು. ಅವನ ಒಂದೊಂದು ಕಾದಂಬರಿಗೂ ಒಂದೊಂದು ಹರಳು. ಕದ್ದವರು ಮಾತ್ರ ಯಾವಾಗಲೂ ಕಳೆದುಕೊಂಡವರ ಹತ್ತಿರದವರೇ. ಇಬ್ಬರ ನಡುವೆ ಒಂದು ಕಟ್ಟಳೆಯಿತ್ತು. ಕೊನೆಯ ಅಧ್ಯಾಯ ಬರೆಯುವ ಮುನ್ನ ಪ್ರತಿಯನ್ನು ಅವನು ತಂಗಿಯ ಕೈಗಿಡುವನು; ಅವಳು ಓದಿ ಕಳ್ಳ ಯಾರೆಂದು ಹೇಳುವಳು; ಅವಳು ಹೇಳಿದವನನ್ನು ಬಿಟ್ಟು ಬೇರೊಬ್ಬನನ್ನು ಅವನು ಹಿಡಿಸುವನು. ತನ್ನ ಬಾಯಿಯ ದೆಸೆಯಿಂದ ಅದೆಷ್ಟು ಜನ ಜೈಲು ತಪ್ಪಿಸಿಕೊಂಡರೋ ಎಂದು ಅವಳು ನಗುತ್ತಿದ್ದಳು.

ಈ ಸಲದ ಹರಳು ನೀಲ. ಕಥೆಯಲ್ಲಿ ತಾಯಿ ತೀರಿಕೊಂಡ ದಿನ ಅವಳ ನೀಲದುಂಗುರ ಕಾಣೆಯಾಗುತ್ತದೆ. ಅವರ ಮನೆಯಲ್ಲೂ ಹಾಗೆಯೇ ಆಗಿತ್ತು. ಕೊನೆಯ ಗಳಿಗೆಯಲ್ಲಿ ಅಮ್ಮನ ಪಕ್ಕದಲ್ಲಿದ್ದವಳು ತಂಗಿ ಒಬ್ಬಳೇ. ನೆಂಟರು ಗುಸುಗುಸು ಆಡಿಕೊಂಡರು. ಅಣ್ಣ ಆಡಲಿಲ್ಲ, ಕೇಳಲೂ ಇಲ್ಲ. ಆ ಕೇಳದಿರುವಿಕೆಯನ್ನೇ ನಂಬಿಕೆಯೆಂದು ತಿಳಿದು ಅವಳು ಇಷ್ಟು ವರ್ಷ ಅದರ ನೆರಳಿನಲ್ಲಿ ನೆಮ್ಮದಿಯಾಗಿದ್ದಳು. ಈ ಹಸ್ತಪ್ರತಿ ಓದಿದ ಮೇಲೆ, ಆ ನೆರಳು ಯಾವುದರದೆಂದು ತಿಳಿಯದಾಯಿತು.

ಓದಿದ್ದನ್ನು ಈಗಷ್ಟೇ ಮೇಜಿನ ಮೇಲಿಟ್ಟು, ಅವಳು ಕೂರದೆ ನಿಂತೇ ಇದ್ದಳು.

“ಕದ್ದವಳು ತಂಗಿ,” ಎಂದಳು. “ಬೇರೆ ಯಾರೂ ಆ ಕೋಣೆಗೆ ಕಾಲಿಡೋ ಹಾಗೇ ನೀನು ಬರೆದಿಲ್ಲ. ಹೇಳ್ಬಿಟ್ಟೆನಲ್ಲ, ಈಗ ಬದಲಾಯಿಸು.”

ಅವಳಿಗೆ ಬೇಕಿದ್ದುದು ಅಷ್ಟೇ. ಅವನು ಕನ್ನಡಕ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಈ ಸಲ ಬೇರೆ ಯಾರೂ ಹೊಂದುವುದಿಲ್ಲ, ಕಥೆ ಒಪ್ಪುವುದಿಲ್ಲ ಎಂದು ಕಿಟಕಿಗೆ ಹೇಳುವವನಂತೆ ಹೇಳಿದ.

“ಕಥೆ ಹಾಳಾಗ್ಲಿ. ನೀನೂ ಹಾಗೇ ಅಂದ್ಕೊಂಡಿದ್ದೀಯಾ, ಅಣ್ಣ?”

ಅವನು ಕನ್ನಡಕ ಹಾಕಿಕೊಂಡು ಹಸ್ತಪ್ರತಿಯತ್ತ ನೋಡಿದ.

“ಉಂಗುರ ಅಮ್ಮನ ಬೆರಳಲ್ಲೇ ಇತ್ತು. ತೆಗೀಬೇಡ, ನನ್ನ ಜೊತೆ ಬರ್ಲಿ, ಯಾರಿಗೂ ಹೇಳ್ಬೇಡ ಅಂದ್ಲು. ಹರಳನ್ನ ಅಂಗೈ ಕಡೆ ತಿರುಗಿಸಿ ಮುಷ್ಟಿ ಮುಚ್ಚಿದೆ. ಯಾರೂ ಬಿಡಿಸಿ ನೋಡ್ಲಿಲ್ಲ. ನೀನು ಕೇಳಿದ್ರೆ ಮಾತ್ರ ಹೇಳೋಣ ಅಂತಿದ್ದೆ.”

ಅವನ ಕೈ ತಾನಾಗಿಯೇ ಪೆನ್ಸಿಲಿನತ್ತ ಸರಿಯಿತು. ಮನೆ ಯಾವುದು, ಕಥೆ ಯಾವುದು ಎಂಬ ವಿವೇಚನೆ ಆ ಕೈಯಿಂದ ಎಂದೋ ಸವೆದುಹೋಗಿತ್ತು.

“ಚೆನ್ನಾಗಿದೆ,” ಎಂದ ಮೆಲ್ಲಗೆ. “ಆದ್ರೆ ಓದೋರು ನಂಬಲ್ಲ ಕಣೆ.”

“ಓದೋರನ್ನ ಯಾರು ಕೇಳಿದ್ರು?”

ಅವಳು ದಾರವನ್ನೆತ್ತಿಕೊಂಡು ಪ್ರತಿಯನ್ನು ಕಟ್ಟಿದಳು. ಮುತ್ತು ಮುತ್ತಿನ ನಡುವೆ ಹಾಕುವ ಗಂಟು ಅದು, ಕತ್ತರಿಸಬಹುದು, ಬಿಚ್ಚಲಾಗದು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು. ಅವನಿಗೆ ಕರೆಯಬೇಕೆನಿಸಿತು. ಆದರೆ ಏನೆಂದು ಕರೆಯುವುದೆಂಬ ಮೊದಲ ಮಾತನ್ನೇ ಅವನು ಹೊಂದಿಸಿಕೊಳ್ಳುತ್ತಿರುವಾಗ, ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು.